ಬಾಸೆಯಿಂದ ಗಂಡುಬೀರಿಯವರೆಗೆ

ಹಳಗನ್ನಡ ಕಾವ್ಯ ಓದಿದವರಿಗೆ ‘ಬಾಸೆ’ ಎಂಬ ಪದ ಪರಿಚಿತ. ಹೆಣ್ಣಿನ ಹೊಕ್ಕುಳಿನಿಂದ ಮೇಲೇರುವ ನವುರಾದ ಕೂದಲ ಸಾಲಿಗೆ ಅದು ಹೆಸರು, ಸಂಸ್ಕೃತದಲ್ಲಿ ರೋಮರಾಜಿ. ಕವಿಗಳು ಅದನ್ನು ಚೆಲುವಿನ ಲಕ್ಷಣವೆಂದೇ ವರ್ಣಿಸಿದರು. ಅದೇ ನುಡಿಯಲ್ಲಿ ಇಂದು, ಗದ್ದದ ಮೇಲೆ ನಾಲ್ಕು ಕೂದಲು ಕಂಡ ಹುಡುಗಿಗೆ ಸಿಗುವ ಪದ ‘ಗಂಡುಬೀರಿ’. ಹೊಗಳಿಕೆ ಮತ್ತು ಬೈಗುಳಗಳ ನಡುವೆ, ವೈದ್ಯರೆದುರು ಸಂಕೋಚವಿಲ್ಲದೆ ಆಡಬಹುದಾದ ಮಾತು ಬಳಕೆಗೆ ಬಂದಿಲ್ಲ. ಈ ಕೊರತೆಯ ಬೆಲೆಯನ್ನು ತೆರುವುದು ಹೆಣ್ಣಿನ ಆರೋಗ್ಯ.

ಪಿಸಿಓಎಸ್ ಎಂಬ ಸ್ಥಿತಿಯನ್ನು ಅಮೆರಿಕದ ವೈದ್ಯರಾದ ಸ್ಟೈನ್ ಮತ್ತು ಲೆವೆಂಥಾಲ್ 1935ರಲ್ಲಿ ವಿವರಿಸಿದರು. ಹೆಣ್ಣಿನ ದೇಹದಲ್ಲಿ ಸಹಜವಾಗಿಯೇ ಅಲ್ಪ ಪ್ರಮಾಣದಲ್ಲಿರುವ ಆಂಡ್ರೋಜನ್ ಹಾರ್ಮೋನು ಇದರಲ್ಲಿ ಹೆಚ್ಚುತ್ತದೆ. ಮೇಲ್ದುಟಿ, ಗದ್ದ, ಎದೆ, ಹೊಟ್ಟೆಗಳ ಮೇಲಿನ ನವುರುಗೂದಲು ಒರಟಾಗುತ್ತದೆ, ಮುಟ್ಟು ಏರುಪೇರಾಗುತ್ತದೆ, ಮುಂದೆ ಸಕ್ಕರೆ ಕಾಯಿಲೆ ಬರುವ ಸಂಭವವೂ ಹೆಚ್ಚು. ಆದುದರಿಂದ ಪಾರ್ಲರಿನ ದಾರ, ಮನೆಯ ಅರಿಶಿನ ಲೇಪಗಳಿಗೇ ವಿಷಯ ಮುಗಿಯಬಾರದು.

ಕೂದಲನ್ನು ಬೋಳಿಸಿದರೆ ಅದು ದಪ್ಪವಾಗಿ ಬೆಳೆಯುತ್ತದೆಂಬುದು ತಪ್ಪು ನಂಬಿಕೆ. ತೂಕ ಹೆಚ್ಚಿರುವವರಲ್ಲಿ ಸ್ವಲ್ಪ ತೂಕ ಇಳಿದರೂ ಹಾರ್ಮೋನಿನ ಸಮತೋಲಕ್ಕೆ ನೆರವಾಗುತ್ತದೆ. ವೈದ್ಯರು ಕೊಡುವ ಹಾರ್ಮೋನು ಮಾತ್ರೆಗಳ ಫಲ ಕಾಣಲು ಸುಮಾರು 6 ತಿಂಗಳು ಬೇಕು. ಆಂಡ್ರೋಜನ್ ತಡೆಯುವ ಔಷಧಗಳು ಗರ್ಭಿಣಿಯರಿಗೆ ಸಲ್ಲವು. ಲೇಸರ್ ಚಿಕಿತ್ಸೆಗೂ ಹಲವು ಸರದಿಗಳು ಬೇಕು. ಕೂದಲು ಹಠಾತ್ತನೆ ಹೆಚ್ಚಿ ಧ್ವನಿಯೂ ಗಡಸಾದರೆ ತಡಮಾಡದೆ ತೋರಿಸಬೇಕು. ಅದರ ಕಾರಣ ಬೇರೆಯೇ ಇರಬಹುದು.

ಇಷ್ಟನ್ನೂ ಹೇಳಿಕೊಳ್ಳಲು, ಕೇಳಿ ತಿಳಿಯಲು ಭಾಷೆ ಬೇಕು. ಗೋವಾದಲ್ಲಿ ಈ ಕಷ್ಟ ಇಮ್ಮಡಿಯಾಗುತ್ತದೆ. ಅಲ್ಲಿ 1987ರಿಂದ ಕೊಂಕಣಿ ರಾಜಭಾಷೆ. ವಾಸ್ಕೋದ ಬೈನಾ, ಝುವಾರಿನಗರಗಳಲ್ಲಿ ನೆಲೆಸಿರುವ ಉತ್ತರ ಕರ್ನಾಟಕದ ಹೆಣ್ಣುಮಗಳು ಬಾಂಬೋಳಿಯ ಗೋವಾ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ಹೋದರೆ, ಮುಟ್ಟಿನ ಮಾತನ್ನು ಪರಭಾಷೆಯಲ್ಲಿ ಹೇಳಬೇಕು. ಗಂಡನೋ ಮಗನೋ ದುಭಾಷಿಯಾಗಿ ನಿಂತರೆ ಹೇಳಬೇಕಾದ ಮಾತು ಗಂಟಲಲ್ಲೇ ಉಳಿಯುತ್ತದೆ.

ಕೂದಲು ಸಹಜವಾದುದು, ತೆಗೆಯುವುದೇಕೆ ಎಂಬ ವಾದವೂ ಇದೆ. ಅದನ್ನು ತಳ್ಳಿಹಾಕಲಾಗದು. 2024ರಲ್ಲಿ ಉತ್ತರ ಪ್ರದೇಶದ ಹತ್ತನೆಯ ತರಗತಿಗೆ ಮೊದಲಿಗಳಾದ ಹುಡುಗಿಯ ಅಂಕಗಳನ್ನು ಬಿಟ್ಟು ಮುಖದ ಕೂದಲನ್ನು ಹಲವರು ಆಡಿಕೊಂಡರು, ನಾಚಬೇಕಾದವರು ಅವರು. ಕೂದಲನ್ನು ಉಳಿಸುವುದೂ ತೆಗೆಯುವುದೂ ಆಯಾ ಹೆಣ್ಣಿನ ಆಯ್ಕೆ. ಆದರೆ ಒಳಗಿನ ಕಾರಣವನ್ನು ತಿಳಿಯುವುದು ಅವಳ ಹಕ್ಕು.

ಇದಕ್ಕೆ ಹೊಸ ಸಂಸ್ಕೃತ ಪದವನ್ನು ಟಂಕಿಸಬೇಕಿಲ್ಲ. ‘ಮುಖದ ಮೇಲೆ ಕೂದಲು ಬರುತ್ತಿದೆ, ಮುಟ್ಟು ಸರಿಯಾಗಿ ಆಗುತ್ತಿಲ್ಲ’—ಈ ಎರಡು ಮಾತುಗಳನ್ನು ಒಟ್ಟಿಗೆ ಆಡಿದರೆ ವೈದ್ಯರಿಗೆ ದಾರಿ ಸಿಗುತ್ತದೆ. ಕನ್ನಡ ಐಚ್ಛಿಕ ವಿದ್ಯಾರ್ಥಿಗಳು ಇಂಥ ತಿಳಿಗನ್ನಡದ ಒಂದು ಪುಟವನ್ನು, ವೈದ್ಯರೊಬ್ಬರಿಗೆ ತೋರಿಸಿ ತಿದ್ದಿಸಿಕೊಂಡು, ಬೈನಾದ ಮನೆಗಳಿಗೆ ತಲುಪಿಸಲಿ. ‘ಬಾಸೆ’ಯ ಅರ್ಥ ಬಲ್ಲವರಿಗೆ ಅದು ಕಷ್ಟದ ಕೆಲಸವಲ್ಲ.