ಆರೈಕೆಗೂ ಮುಯ್ಯಾಳು ಬೇಕು



ಮನೆಯಲ್ಲೊಬ್ಬರು ಹಾಸಿಗೆ ಹಿಡಿದರೆ ನೋಡಲು ಬಂದವರು ಅವರ ಕ್ಷೇಮವನ್ನು ವಿಚಾರಿಸುತ್ತಾರೆ. ಹಾಸಿಗೆಯ ಬದಿಗೆ ಹಗಲಿರುಳು ಕುಳಿತ ತಾಯಿಯನ್ನೋ ಮಡದಿಯನ್ನೋ ‘ನೀ ಹ್ಯಾಂಗಿದ್ದೀಯವ್ವ?’ ಎಂದು ಕೇಳುವವರು ವಿರಳ. ಈ ತಿಂಗಳು ನಾವು ಅಂತಹ ತಾಯಂದಿರನ್ನು ಕುರಿತು ಎರಡು ಮಾತು ಬರೆಯಬಯಸುತ್ತೇವೆ.

ಶಹಾಪುರ ತಾಲ್ಲೂಕಿನ ದೋರನಹಳ್ಳಿಯಂತಹ ಊರುಗಳಲ್ಲಿ ಬೈಕಿನಿಂದ ಬಿದ್ದು ತಲೆಗೆ ಪೆಟ್ಟಾದವರೂ ಲಕ್ವ ಹೊಡೆದವರೂ ಆಸ್ಪತ್ರೆಯಲ್ಲಿರುವುದು ಕೆಲವೇ ವಾರ. ಮನೆಯ ಆರೈಕೆ ವರ್ಷಗಟ್ಟಲೆ ನಡೆಯಬೇಕಾದುದು. ತಾವಾಗಿ ಹೊರಳಲಾರದವರಿಗೆ ಬೆನ್ನುಹುಣ್ಣಾಗದಂತೆ ಸುಮಾರು 2 ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಹೀಗೆ ಇರುಳೆಲ್ಲ ಎಚ್ಚರಿದ್ದವಳು ಬೆಳಗಾದೊಡನೆ ಒಲೆ ಹಚ್ಚಬೇಕು. ನಿದ್ರೆ ಕೆಟ್ಟ ದೇಹದಲ್ಲಿ ತಾಳ್ಮೆ ಉಳಿಯುವುದು ಕಷ್ಟ.

ಕಣ್ಣಿಗೆ ಕಾಣದ ಕಷ್ಟ ಇನ್ನೊಂದಿದೆ. ಹಣೆಯ ಹಿಂದಿರುವ ಮೆದುಳಿನ ಭಾಗವು ಸಂಯಮ, ವಿವೇಚನೆಗಳ ನೆಲೆ. ಅಲ್ಲಿ ಪೆಟ್ಟಾದರೆ ಮೃದುಭಾಷಿಯೂ ಬೈಯಬಹುದು, ಚುರುಕಾಗಿದ್ದವನು ಮಂಕಾಗಬಹುದು. ಆ ಬೈಗುಳಕ್ಕೆ ಮೆದುಳಿನ ಗಾಯವೇ ಕಾರಣವೆಂದು ಮನೆಯವರು ಅರಿತರೆ ಎದೆಯ ಭಾರ ಕೊಂಚ ಇಳಿದೀತು. ಆದರೂ ಪತಿ ಕಣ್ಣೆದುರಿಗಿದ್ದು, ಹಿಂದಿನ ಪತಿ ಇಲ್ಲವಾದ ದುಃಖ ಸಣ್ಣದಲ್ಲ. ಅಮೆರಿಕದ ವಿದುಷಿ ಪಾಲೀನ್ ಬಾಸ್ ಇದನ್ನು ‘ಅಸ್ಪಷ್ಟ ನಷ್ಟ’ವೆಂದು ಕರೆದು 1999ರಲ್ಲಿ ಗ್ರಂಥವನ್ನೇ ರಚಿಸಿದರು. ಸತ್ತವರಿಗಾಗಿ ಅಳಲು ಊರು ಜೊತೆಗೂಡುತ್ತದೆ. ಈ ನಷ್ಟಕ್ಕೆ ಆಕೆ ಒಬ್ಬಳೇ ಅಳಬೇಕು. ಹೀಗಿರಲು ಒಮ್ಮೊಮ್ಮೆ ಸಿಟ್ಟು ಬಂದರೆ, ‘ಸಾಕಪ್ಪಾ’ ಎನಿಸಿದರೆ ಅದು ಪಾಪವಲ್ಲ, ದಣಿವು.

ನಮ್ಮ ಸಮಾಜ ಅಂತಹವಳನ್ನು ‘ಸಹನೆಯ ಮೂರ್ತಿ’ ಎಂದು ಕೊಂಡಾಡುತ್ತದೆ. ಮೂರ್ತಿಗೆ ಹಸಿವು, ನಿದ್ರೆಗಳಿಲ್ಲ, ಹೆಂಗಸಿಗೆ ಇವೆ. ಹೊಗಳಿ ಎದ್ದು ಹೋಗುವುದು ಹೊರೆಯನ್ನು ಅವಳ ತಲೆಯ ಮೇಲೆಯೇ ಬಿಟ್ಟು ಹೋದಂತೆ. ಮನೋಬಲವೆಂಬುದು ಹುಟ್ಟಿನಿಂದ ಬಂದ ಅಕ್ಷಯನಿಧಿಯಲ್ಲ. ಹೊರೆ ಹಂಚಿಕೊಂಡ ಮನೆಯಲ್ಲಿ ಅದು ಬಾಳುತ್ತದೆ, ಒಬ್ಬರ ಮೇಲೆಯೇ ಬಿದ್ದಲ್ಲಿ ಬತ್ತುತ್ತದೆ.

ಒಕ್ಕಲುತನದಲ್ಲಿ ಮುಯ್ಯಾಳಿನ ಪದ್ಧತಿಯನ್ನು ನಮ್ಮ ಹಿರಿಯರು ನಡೆಸಿಕೊಂಡು ಬಂದರು. ಇಂದು ನಿಮ್ಮ ಹೊಲಕ್ಕೆ ನಾವು, ನಾಳೆ ನಮ್ಮ ಹೊಲಕ್ಕೆ ನೀವು. ಅದೇ ಮುಯ್ಯಿ ಆರೈಕೆಗೂ ಬರಲಿ. ವಾರದಲ್ಲಿ ಎರಡು ರಾತ್ರಿ ಮೈದುನನೋ ಮಗನೋ ಹಾಸಿಗೆಯ ಬಳಿ ಮಲಗಲಿ. ಒಂದು ಮಧ್ಯಾಹ್ನ ನೆರೆಯವರು ಬಂದು ಕುಳಿತು ಆಕೆಯನ್ನು ತವರಿಗೋ ಸಂತೆಗೋ ಕಳುಹಿಸಲಿ. ಆಸ್ಪತ್ರೆಯ ಬಿಲ್ಲು ಕಟ್ಟಿದ ಮಾತ್ರಕ್ಕೆ ತಮ್ಮ ಕರ್ತವ್ಯ ತೀರಿತೆಂದು ಗಂಡಸರು ಬಗೆಯಬಾರದು. ಚೇತರಿಕೆ ಮೊದಲ ತಿಂಗಳುಗಳಲ್ಲಿ ಬೇಗ ಕಂಡು, ಬಳಿಕ ನಿಧಾನವಾಗುವುದು ಸಾಮಾನ್ಯ. ಅದು ಆಕೆಯ ಸೇವೆಯ ಕೊರತೆಯೆಂದು ಯಾರೂ ಆಡದಿರಲಿ.

1974ರಲ್ಲಿ ರೂಪುಗೊಂಡ ಬೆಂಗಳೂರಿನ ನಿಮ್ಹಾನ್ಸ್ ನಮಗೆ ದೂರ. ಆದರೆ 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸೇವೆಗೆ 14416 ಸಂಖ್ಯೆಗೆ ಕರೆ ಮಾಡಿದರೆ ಮನಸ್ಸಿನ ಸಂಕಟವನ್ನು ಕನ್ನಡದಲ್ಲಿಯೇ, ಶುಲ್ಕವಿಲ್ಲದೆ ತೋಡಿಕೊಳ್ಳಬಹುದು. ನಿದ್ರೆ ಬಾರದೆ, ಅನ್ನ ಸೇರದೆ, ಬದುಕೇ ಬೇಡವೆನಿಸಿದರೆ ತಡಮಾಡಲಾಗದು. ಹೆಚ್ಚಿನ ನೆರವು ಬೇಕಾದ ವಿಕಲಚೇತನರಿಗೆ ಆರೈಕೆದಾರರ ಭತ್ಯೆಯನ್ನು 2016ರ ವಿಕಲಚೇತನರ ಹಕ್ಕುಗಳ ಅಧಿನಿಯಮವೂ ಹೆಸರಿಸಿದೆ. ಆರೈಕೆ ದುಡಿಮೆಯೆಂದು ಕಾನೂನು ಒಪ್ಪಿರುವಾಗ ಮನೆಯವರು ಒಪ್ಪದಿದ್ದರೆ ಹೇಗೆ?

ದಾಸೋಹವೆಂದರೆ ಅನ್ನ ನೀಡುವುದಷ್ಟೇ ಎಂದು ತಿಳಿಯಬಾರದು. ದಣಿದವಳಿಗೆ ಒಂದು ರಾತ್ರಿಯ ನಿದ್ರೆಯನ್ನು ನೀಡುವುದೂ ದಾಸೋಹವೇ. ಈ ಸೋಮವಾರ ಮನೆಮಂದಿಯೆಲ್ಲ ಕೂಡಿದಾಗ ಯಾವ ರಾತ್ರಿ ಯಾರದೆಂದು ನಿಶ್ಚಯಿಸಿರಿ.