ಗುಜರಿಗೆ ಹಾಕುವ ಮುನ್ನ ಒಳಗಿರುವ ಕನ್ನಡವನ್ನು ಹೊರಗೆ ತನ್ನಿ!

ಕನ್ನಡದ ಹುಡುಗ ಹುಡುಗಿಯರೇ,

ನಿಮ್ಮ ಮನೆಯ ಅಟ್ಟದ ಮೇಲೆ, ಮಂಚದ ಕೆಳಗೆ, ಇಲ್ಲವೇ ಅಪ್ಪನ ಅಂಗಡಿಯ ಮೂಲೆಯಲ್ಲಿ ಧೂಳು ಹೊದ್ದು ಮಲಗಿದ ಹಳೇ ಕಂಪ್ಯೂಟರ್ ಇದೆಯೆ? ಗುಜರಿಯವನು ಅದನ್ನು ಕಿಲೋ ಲೆಕ್ಕದಲ್ಲಿ ಕೇಳುತ್ತಿದ್ದಾನೆಯೆ? ಕೊಡಬೇಡಿ! ಕನಿಷ್ಠ ಈ ಪುಟ ಓದಿ ಮುಗಿಸುವವರೆಗಾದರೂ ಕೊಡಬೇಡಿ.

ನಾನು ಪಂಡಿತನಲ್ಲ. ಎಂಜಿನಿಯರಂತೂ ಅಲ್ಲವೇ ಅಲ್ಲ. ಪಿಯುಸಿ ಮುಗಿಸಿ ಹುಣಸೂರಿನಲ್ಲಿ ಅಪ್ಪನ ಮುದ್ರಣಾಲಯಕ್ಕೆ ಕೂತವನು. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ, ಈ ನಾಲ್ಕು ತಾಲ್ಲೂಕಿನ ಮದುವೆ ಕಾರ್ಡು, ತಿಥಿ ಕಾರ್ಡು, ಚುಂಚನಕಟ್ಟೆ ಜಾತ್ರೆಯ ಕರಪತ್ರ, ಹೊಗೆಸೊಪ್ಪು ಬೆಳೆಗಾರರ ಸಭೆಯ ಪೋಸ್ಟರು, ಯುವಕ ಸಂಘಗಳ ರಸೀದಿ ಪುಸ್ತಕ, ಇವೇ ನನ್ನ ಅನ್ನ. ಅಪ್ಪ ಸೀಸದ ಮೊಳೆ ಜೋಡಿಸಿದ. ನಾನು 2003ರಲ್ಲಿ ಸಾಲ ಮಾಡಿ ಒಂದು ಪೆಂಟಿಯಂ 4 ಕಂಪ್ಯೂಟರ್ ತಂದೆ. 40 ಜಿಬಿ ಹಾರ್ಡ್ ಡಿಸ್ಕ್, 256 ಎಂಬಿ ರ‍್ಯಾಮ್, ವಿಂಡೋಸ್ ಎಕ್ಸ್‌ಪಿ, ಪೇಜ್‌ಮೇಕರ್, ಜೊತೆಗೆ ದುಡ್ಡು ಕೊಟ್ಟು ಕೊಂಡ ಒಂದು ಕನ್ನಡ ಅಕ್ಷರದ ತಂತ್ರಾಂಶ. ಹತ್ತು ವರ್ಷ ಅದು ನನ್ನ ಮನೆ ಸಾಕಿತು. ಆಮೇಲೆ ಹೊಸದು ಬಂತು, ಹಳೆಯದು ಮನೆ ಸೇರಿತು, ಮಕ್ಕಳ ಆಟಕ್ಕೆ.

ಈಗ ಕಥೆ ಕೇಳಿ.

ಪಿರಿಯಾಪಟ್ಟಣದ ಕಡೆಯ ಒಬ್ಬ ಪ್ರಾಥಮಿಕ ಶಾಲಾ ಮೇಷ್ಟ್ರು ಊರೂರು ಅಲೆದು ಹೆಂಗಸರ ಸೋಬಾನೆ ಪದ ಬರೆದುಕೊಂಡವರು. 2005ರಲ್ಲಿ ಮೊದಲ ಭಾಗ ನನ್ನಲ್ಲೇ ಅಚ್ಚಾಯಿತು. ಎರಡನೇ ಭಾಗವನ್ನೂ ಕಂಪೋಸ್ ಮಾಡಿ, ಎರಡು ಸಲ ಕರಡು ತಿದ್ದಿ, ಪುಟ ಕಟ್ಟಿ ಇಟ್ಟಿದ್ದೆವು. ಕಾಗದಕ್ಕೆ ದುಡ್ಡಾಗಲಿಲ್ಲ. 'ಬೆಳೆ ಬರಲಿ, ಬೋನಸ್ ಬರಲಿ' ಅಂದರು ಮೇಷ್ಟ್ರು. ಬೆಳೆ ಬಂತು, ಬೋನಸ್ಸೂ ಬಂತು, ಮಗಳ ಮದುವೆಯೂ ಬಂತು. ಪುಸ್ತಕ ಬರಲಿಲ್ಲ. ಮೇಷ್ಟ್ರು ತೀರಿಕೊಂಡರು. ಹೋದ ವರ್ಷ ಅವರ ಹೆಂಡತಿ ನನ್ನ ಅಂಗಡಿ ಮೆಟ್ಟಿಲು ಹತ್ತಿ, 'ಬರೆದಿಟ್ಟ ನೋಟುಬುಕ್ಕು ಸೋರಿದ ಮನೇಲಿ ಕೊಳೆತು ಹೋಯ್ತು ಕಣಪ್ಪ, ನಿನ್ನ ಪೆಟ್ಟಿಗೇಲಿ ಐತೆ ಅಂದಿದ್ರು' ಅಂದಾಗ ನನ್ನ ಎದೆ ಧಸಕ್ಕೆಂದಿತು.

ಯಾಕೆ ಗೊತ್ತೆ? ಆ ಪೆಟ್ಟಿಗೆಗೆ ನಾನೇ ವಿಷ ಹಾಕಿಸಿದ್ದೆ!

'ಅಪ್‌ಗ್ರೇಡ್' ಎಂಬ ಪೂಜಾರಿಯ ಮಂತ್ರ

2014ರ ಏಪ್ರಿಲ್ 8ಕ್ಕೆ ಮೈಕ್ರೋಸಾಫ್ಟ್ ಎಕ್ಸ್‌ಪಿಗೆ ಕೊಡುತ್ತಿದ್ದ ಬೆಂಬಲ ನಿಲ್ಲಿಸಿತು. ಆ ವರ್ಷ ಮೈಸೂರಿನ ಅಂಗಡಿಯೊಂದರ ಹುಡುಗ, 'ಸಾರ್, ಎಕ್ಸ್‌ಪಿ ಸತ್ತೋಯ್ತು, ಸೆವೆನ್ ಹಾಕ್ತೀನಿ' ಅಂದ. ಹಾಕಿಸಿದೆ. ಸಿ ಡ್ರೈವ್ ಅಳಿಸಿದ. ಅದರ ಜೊತೆ ಪೇಜ್‌ಮೇಕರೂ ಹೋಯಿತು, ಅಕ್ಷರದ ತಂತ್ರಾಂಶವೂ ಹೋಯಿತು. ನನ್ನ ಪುಣ್ಯ, ಕಡತಗಳು ಡಿ ಡ್ರೈವಿನಲ್ಲಿದ್ದವು, ಉಳಿದವು. ಉಳಿದು ಏನು ಪ್ರಯೋಜನ? ಪೇಜ್‌ಮೇಕರ್ ಇಲ್ಲದೆ ಕಡತ ತೆರೆಯದು. ಜೊತೆಯಲ್ಲಿ ಉಳಿಸಿದ್ದ ಬಿಡಿ ಪಠ್ಯದ ಕಡತ ತೆರೆದರೆ ಪರದೆ ತುಂಬ ಇಂಗ್ಲಿಷ್ ಕಸ!

ಈ ಕಸ ಎಲ್ಲಿಂದ ಬಂತು ಅಂತ ತಿಳಿದುಕೊಳ್ಳಿ. ನಾವು ಆ ಕಾಲದಲ್ಲಿ ಕಂಪ್ಯೂಟರಿಗೆ ಕನ್ನಡ ಕಲಿಸಿರಲಿಲ್ಲ, ಕನ್ನಡದ ಮುಖವಾಡ ಹಾಕಿದ್ದೆವು ಅಷ್ಟೆ. 256 ಮನೆಗಳ ಒಂದು ಪಟ್ಟಿ. ಇಂಗ್ಲಿಷ್ ಅಕ್ಷರ ಕೂರಬೇಕಾದ ಮನೆಯಲ್ಲಿ ಕನ್ನಡದ ತುಂಡು ಕೂರಿಸಿದರು. ತಲೆಕಟ್ಟು ಒಂದು ಮನೆ, ಒತ್ತು ಒಂದು ಮನೆ, ಅರ್ಕಾವತ್ತು ಒಂದು ಮನೆ. ಕಣ್ಣಿಗೆ ಕನ್ನಡ, ಯಂತ್ರದ ಹೊಟ್ಟೆಯಲ್ಲಿ ಇಂಗ್ಲಿಷು. ಹಳೇ ನುಡಿ ಅಕ್ಷರದಲ್ಲಿ 'ಕನ್ನಡ' ಎಂದು ಹೊಡೆದ ಪದವನ್ನು ಆ ಅಕ್ಷರವಿಲ್ಲದ ಕಂಪ್ಯೂಟರಿನಲ್ಲಿ ತೆರೆಯಿರಿ. ಒಂದು ಪಿ, ತಲೆಯ ಮೇಲೆ ಗೀರು ಬಿದ್ದ ಎ, ಬ್ರಿಟಿಷರ ಪೌಂಡಿನ ಗುರುತು, ಮತ್ತೆ ಅದೇ ಎ, ಜರ್ಮನಿಯವರ ಒಂದು ಅಕ್ಷರ, ಒಂದು ಕ್ಯು, ಮತ್ತೊಮ್ಮೆ ಅದೇ ಎ! ಇದು ನಮ್ಮ ನಾಡಿನ ಹೆಸರು, ಸ್ವಾಮಿ!

ಇಷ್ಟೇ ಆಗಿದ್ದರೆ ಸಹಿಸಬಹುದಿತ್ತು. ಅಕ್ಷರ ಮಾರುವ ಒಬ್ಬೊಬ್ಬನೂ ತನ್ನದೇ ಪಟ್ಟಿ ಮಾಡಿದ. ಇವನ ಮನೆಯಲ್ಲಿ 'ಕ' ಇದ್ದ ಕಡೆ ಅವನ ಮನೆಯಲ್ಲಿ 'ಮ'. ಪಟ್ಟಿ ಗುಟ್ಟು. ಮೇಲೆ ಬೀಗ ಬೇರೆ! ಕಂಪ್ಯೂಟರಿನ ಬೆನ್ನಿನ ಪ್ಯಾರಲಲ್ ಪೋರ್ಟಿಗೆ ಸಿಕ್ಕಿಸುವ ಬೆರಳುದ್ದದ ಬೀಗ. ಅದಿಲ್ಲದಿದ್ದರೆ ಅಕ್ಷರ ಮೂಡದು. ಇವತ್ತಿನ ಕಂಪ್ಯೂಟರಿನಲ್ಲಿ ಆ ಪೋರ್ಟೇ ಇಲ್ಲ. ನನ್ನ ಹತ್ತಿರ ಬೀಗವಿದೆ, ಬಾಗಿಲೇ ಮಾಯ!

ಹಳೇ ವಿಂಡೋಸ್ ಮರಳಿ ಹಾಕಿದ ರಾತ್ರಿ

ಅದಕ್ಕೇ ಹಿಂದಕ್ಕೆ ಹೋದೆ. ಹಳೇ ಪೆಟ್ಟಿಗೆಗೆ ಹಳೇ ವಿಂಡೋಸ್ ಮರಳಿ ಹಾಕಿದೆ. 'ಎಕ್ಸ್‌ಪಿ ಹಾಕ್ತೀಯಾ? ತಲೆ ಕೆಟ್ಟಿದೆಯಾ?' ಅಂತ ನಕ್ಕವರೇ ಎಲ್ಲ. ನಗಲಿ.

ಮೊದಲು ಹಾರ್ಡ್ ಡಿಸ್ಕ್ ಬಿಚ್ಚಿ, ಯುಎಸ್‌ಬಿ ತಂತಿಯಲ್ಲಿ ಬೇರೆ ಕಂಪ್ಯೂಟರಿಗೆ ಸಿಕ್ಕಿಸಿ, ಇಡೀ ಡಿ ಡ್ರೈವನ್ನು ಎರಡು ಕಡೆ ನಕಲು ಮಾಡಿದೆ. ಇದನ್ನು ಮಾಡದೆ ಮುಂದೆ ಹೆಜ್ಜೆ ಇಡಲೇಬೇಡಿ! ಆಮೇಲೆ ಮದರ್‌ಬೋರ್ಡಿನ ಸತ್ತ ಬ್ಯಾಟರಿ ಬದಲಿಸಿದೆ. ನಾಣ್ಯದಂಥ ಸಿಆರ್ 2032, ಹುಣಸೂರಿನಲ್ಲೇ ಸಿಗುತ್ತದೆ. ಕಂಪ್ಯೂಟರಿನ ಜೊತೆಯಲ್ಲೇ ಬಂದಿದ್ದ ಸಿಡಿ ಹಾಕಿ, ಪೆಟ್ಟಿಗೆಗೆ ಅಂಟಿಸಿದ ಚೀಟಿಯ 25 ಅಕ್ಷರಗಳನ್ನು ಟಾರ್ಚ್ ಹಿಡಿದು ಓದಿ ಹೊಡೆದೆ. ಸಿ ಡ್ರೈವ್ ಮಾತ್ರ ಅಳಿಸಿದೆ, ಡಿ ಮುಟ್ಟಲಿಲ್ಲ. '39 ನಿಮಿಷ' ಎಂದು ಅದು ತೋರಿಸುತ್ತಿತ್ತು, ನನಗೆ ರಾತ್ರಿಯೇ ಕಳೆಯಿತು. ಕೊನೆಗೆ ಪೇಜ್‌ಮೇಕರ್ ಹಾಕಿ, ಅಕ್ಷರ ಹಾಕಿ, ಬೆನ್ನಿಗೆ ಬೀಗ ಸಿಕ್ಕಿಸಿ ಮೇಷ್ಟ್ರ ಕಡತ ತೆರೆದೆ.

ಬಂತು! ಮೊದಲ ಪುಟದಲ್ಲಿ ಹಾಡುಗಳಿಲ್ಲ, ಹಾಡಿದ ಹೆಂಗಸರ ಪಟ್ಟಿ. 23 ಹೆಸರು, 23 ಊರು. ಮರುದಿನ ಮೇಷ್ಟ್ರ ಹೆಂಡತಿ ಬಂದು ಪರದೆಯ ಮೇಲೆ ಬೆರಳಿಟ್ಟು ಒಂದೊಂದೇ ಹೆಸರು ಓದಿಸಿಕೊಂಡರು. 'ಇವಳು ಹೋದಳು, ಇವಳೂ ಹೋದಳು, ಇವಳಿದ್ದಾಳೆ' ಅಂದರು. ಇದ್ದವರು ನಾಲ್ಕು ಜನ.

ಆ 19 ಹೆಂಗಸರು ಇಲ್ಲ. ಮೇಷ್ಟ್ರು ಇಲ್ಲ. ನೋಟುಬುಕ್ಕು ಇಲ್ಲ. ಆ ಪದಗಳು ಈ ಲೋಕದಲ್ಲಿ ಇದ್ದದ್ದು ನನ್ನ ಅಟ್ಟದ ಮೇಲಿನ ಪೆಟ್ಟಿಗೆಯೊಂದರಲ್ಲೇ. ಅದನ್ನು ಹಿಂದಿನ ದೀಪಾವಳಿಗೆ ಗುಜರಿಯವನು 300 ರೂಪಾಯಿಗೆ ಕೇಳಿದ್ದ!

ಈಗ ಹೇಳಿ. ಹಲ್ಮಿಡಿಯ ಕಲ್ಲನ್ನು ಒಂದೂವರೆ ಸಾವಿರ ವರ್ಷದ ಮೇಲೂ ಓದುತ್ತೇವೆ. 1843ರಲ್ಲಿ ಹರ್ಮನ್ ಮೊಗ್ಲಿಂಗ್ ಹೊರಡಿಸಿದ 'ಮಂಗಳೂರ ಸಮಾಚಾರ'ವನ್ನು ಇವತ್ತೂ ಓದುತ್ತೇವೆ. 2005ರಲ್ಲಿ ಹುಣಸೂರಿನಲ್ಲಿ ಹೊಡೆದ ಕನ್ನಡವನ್ನು ಓದಲು ಆಗುವುದಿಲ್ಲ. ಯಾರು ಹಿಂದುಳಿದವರು? ಕಲ್ಲು ಕೆತ್ತಿದವನೋ, ನಾವೋ?

ತಪ್ಪು ಯಾರದು?

ತಪ್ಪು ನನ್ನದೂ ಹೌದು. ಯೂನಿಕೋಡಿನಲ್ಲಿ ಕನ್ನಡಕ್ಕೆ ಸ್ವಂತ ಮನೆ ಸಿಕ್ಕಿದ್ದು 1991ರಲ್ಲಿ. 2001ರ ಎಕ್ಸ್‌ಪಿಯಲ್ಲೇ ಯೂನಿಕೋಡ್ ಕನ್ನಡವಿತ್ತು, 'ತುಂಗಾ' ಎಂಬ ನಮ್ಮ ಹೊಳೆಯ ಹೆಸರಿನ ಅಕ್ಷರವಿತ್ತು. ಒಂದು ಕಡೆ ಗುರುತು ಹಾಕಿ, ಸಿಡಿ ಹಾಕಿದರೆ ಮೂಡುತ್ತಿತ್ತು. ನಾವು ಮುದ್ರಣದವರು 'ಪೇಜ್‌ಮೇಕರಿನಲ್ಲಿ ಬರಲ್ಲ ಬಿಡಿ' ಅಂತ ನಕ್ಕು ಸುಮ್ಮನಾದೆವು. ನಿಜ, 2001ರ ಏಳನೇ ಆವೃತ್ತಿಗೇ ನಿಂತುಹೋದ ಪೇಜ್‌ಮೇಕರಿಗೆ ಯೂನಿಕೋಡ್ ಗೊತ್ತಿರಲಿಲ್ಲ. ಆದರೆ ಒಂದು ಪ್ರತಿಯನ್ನು ಯೂನಿಕೋಡಿಗೆ ತಂದಿಡಲು ಮುಂದೆ ನಮಗೆ ಯಾವ ರೋಗ ಬಂದಿತ್ತು?

ಕನ್ನಡಕ್ಕೆ ದುಡಿದವರು ಇರಲಿಲ್ಲ ಅಂತಲ್ಲ. ಕೆ.ಪಿ. ರಾವ್ ಕನ್ನಡಕ್ಕೆ ಒಪ್ಪುವ ಕೀಲಿಮಣೆ ಕೊಟ್ಟರು. ಶೇಷಾದ್ರಿವಾಸು 1998ರಲ್ಲಿ 'ಬರಹ' ಕೊಟ್ಟರು. ಕನ್ನಡ ಗಣಕ ಪರಿಷತ್ತು 'ನುಡಿ' ಕೊಟ್ಟಿತು. ಪೂರ್ಣಚಂದ್ರ ತೇಜಸ್ವಿ 2007ರಲ್ಲಿ ತೀರಿಕೊಳ್ಳುವ ಹಿಂದಿನ ವರ್ಷಗಳಲ್ಲಿ ಕನ್ನಡ ತಂತ್ರಾಂಶಕ್ಕಾಗಿ ಎಷ್ಟು ತಲೆ ಕೆಡಿಸಿಕೊಂಡರು! ಆದರೆ ತಾಲ್ಲೂಕಿನ ಮುದ್ರಣಾಲಯದ ಪೆಟ್ಟಿಗೆಗಳಲ್ಲಿ ಏನಿದೆ, ಅದು ನಾಳೆಗೆ ಉಳಿಯುತ್ತದೆಯೆ ಅಂತ ನನ್ನ ಅಂಗಡಿಗೆ ಬಂದು ಕೇಳಿದ ಅಧಿಕಾರಿ ಒಬ್ಬನೂ ಇಲ್ಲ. ರಾಜ್ಯೋತ್ಸವಕ್ಕೆ ಬ್ಯಾನರ್ ಹೊಡೆಸಲು ಮಾತ್ರ ಅಕ್ಟೋಬರ್ 31ರ ರಾತ್ರಿ ಓಡಿ ಬರುತ್ತಾರೆ!

ಕಂಪನಿಗಳ ಕೆಲಸ ನೋಡಿ. ವಿಂಡೋಸ್ 98ಕ್ಕೆ 2006ರಲ್ಲಿ ಎಳ್ಳುನೀರು. ಎಕ್ಸ್‌ಪಿಗೆ 2014. ಸೆವೆನ್‌ಗೆ 2020. ವಿಂಡೋಸ್ 10ರ ಬೆಂಬಲವೂ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಬೇಕೆಂದರೆ 4 ಜಿಬಿ ರ‍್ಯಾಮ್ ಸಾಲದು, ಟಿಪಿಎಂ 2.0 ಎಂಬ ಭದ್ರತೆಯ ವ್ಯವಸ್ಥೆಯೂ ಬೇಕು. ಅದಿಲ್ಲದ ಗಟ್ಟಿಮುಟ್ಟಾದ ಕಂಪ್ಯೂಟರುಗಳೆಲ್ಲ ಗುಜರಿಯ ದಾರಿ ಹಿಡಿದಿವೆ. ಪ್ರತಿ ಗುಜರಿ ಲಾರಿಯಲ್ಲೂ ಒಂದೊಂದು ಊರಿನ ಕನ್ನಡ ಹೋಗುತ್ತಿದೆ. ಪ್ರತಿಭಟನೆ ಎಲ್ಲಿ? ಧರಣಿ ಎಲ್ಲಿ? ಅಂಗಡಿ ಬೋರ್ಡಿಗೆ ಮಸಿ ಬಳಿಯುವ ಕೈಗೆ ಒಂದು ಪೆನ್ ಡ್ರೈವ್ ಹಿಡಿಯಲು ಬರುವುದಿಲ್ಲವೆ?

ಹಿಂದಕ್ಕೆ ಹೋಗಿ, ಅಲ್ಲೇ ಕೂರಬೇಡಿ

ನನ್ನನ್ನು ತಪ್ಪು ತಿಳಿಯಬೇಡಿ. 'ಹಳೇದೇ ಚಿನ್ನ' ಅಂತ ಹಾಡಲು ಬಂದಿಲ್ಲ. ಎಕ್ಸ್‌ಪಿ ಇವತ್ತು ಬಾಗಿಲಿಲ್ಲದ ಮನೆ. 2017ರ ಮೇ ತಿಂಗಳಲ್ಲಿ ವಾನಾಕ್ರೈ ಎಂಬ ಪೀಡೆ ಲೋಕವನ್ನೆಲ್ಲ ಕಾಡಿದಾಗ, ಮೈಕ್ರೋಸಾಫ್ಟೇ ಹೆದರಿ, ಮೂರು ವರ್ಷದ ಹಿಂದೆ ಕೈಬಿಟ್ಟಿದ್ದ ಎಕ್ಸ್‌ಪಿಗೂ ತೇಪೆ ಕೊಡಬೇಕಾಯಿತು. ಅದರಲ್ಲಿ ಇಂಟರ್‌ನೆಟ್ ಬೇಡ, ಬ್ಯಾಂಕ್ ವ್ಯವಹಾರ ಬೇಡವೇ ಬೇಡ. ತಂತಿ ಕಿತ್ತಿಡಿ. ಕದ್ದ ಸಿಡಿಯನ್ನೂ ನಂಬಬೇಡಿ. ಹಳೇ ವಿಂಡೋಸ್ ವಾಸಕ್ಕಲ್ಲ. ಬಾವಿಗೆ ಇಳಿಯುವ ಹಗ್ಗ ಅದು. ಇಳಿದು, ಬಿದ್ದದ್ದನ್ನು ಎತ್ತಿಕೊಂಡು ಮೇಲೆ ಬರಬೇಕು.

ಎತ್ತಿಕೊಂಡು ಬಂದದ್ದು ಹೇಗೆ? ನುಡಿ, ಬರಹದ ಹಳೇ ಕಡತಗಳನ್ನು ಯೂನಿಕೋಡಿಗೆ ಬದಲಿಸುವ ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ. ನನ್ನ ಕಡತದ ಅಕ್ಷರಕ್ಕೆ ಯಾವ ಪರಿವರ್ತಕವೂ ನನಗೆ ಸಿಗಲಿಲ್ಲ. ಮೈಸೂರಿನಲ್ಲಿ ಡಿಗ್ರಿ ಓದುವ ನನ್ನ ಮಗಳೂ ಅವಳ ಇಬ್ಬರು ಗೆಳತಿಯರೂ ಎರಡು ಭಾನುವಾರ ಕೂತರು. ಹಳೇ ಪೆಟ್ಟಿಗೆಯಲ್ಲಿ ಅಷ್ಟೂ ಮನೆಗಳ ಪಟ್ಟಿಯನ್ನು ಅಚ್ಚು ಹಾಕಿ, ಯಾವ ಮನೆಯಲ್ಲಿ ಯಾವ ತುಂಡು ಅಂತ ಕೈಯಲ್ಲಿ ಬರೆದು, ಬದಲಿಸುವ ಪುಟ್ಟ ಪ್ರೋಗ್ರಾಂ ಮಾಡಿದರು. ಅರ್ಕಾವತ್ತು ಕಾಟ ಕೊಟ್ಟಿತು. ಹಳೇ ಅಕ್ಷರದಲ್ಲಿ ಅರ್ಕಾವತ್ತು ವ್ಯಂಜನದ ಹಿಂದೆ ಬರುತ್ತದೆ, ಯೂನಿಕೋಡಿನಲ್ಲಿ 'ರ' ಮುಂದೆ ಬರಬೇಕು. ಮೊದಲ ಸಲ 'ಕರ್ನಾಟಕ'ವೇ ಕೆಟ್ಟು ನಿಂತಿತ್ತು! ತಿದ್ದಿದರು. ಈಗ ಮೇಷ್ಟ್ರ ಎರಡನೇ ಭಾಗ ಫೋನಿನಲ್ಲೂ ಓದಲು ಬರುತ್ತದೆ. ಕಾಗದದ ಖರ್ಚು ನನ್ನದು, ಅಚ್ಚಾಗುತ್ತಿದೆ.

ಮೂರು ಹುಡುಗಿಯರು, ಎರಡು ಭಾನುವಾರ, 23 ಹೆಂಗಸರ ದನಿ. ಅಷ್ಟೇ ಲೆಕ್ಕ.

ಆದ್ದರಿಂದ ಬೆಂಗಳೂರು, ಮೈಸೂರಿನ ಕನ್ನಡದ ಹುಡುಗರೇ, 'ಊಟ ಆಯ್ತಾ' ಅನ್ನುವುದನ್ನೂ ಇಂಗ್ಲಿಷ್ ಅಕ್ಷರದಲ್ಲಿ ಕುಟ್ಟುವವರೇ, ಮುಂದಿನ ರಜಕ್ಕೆ ಊರಿಗೆ ಬಂದಾಗ ಒಂದು ಕೆಲಸ ಮಾಡಿ. ನಿಮ್ಮ ತಾಲ್ಲೂಕಿನ ಮುದ್ರಣಾಲಯಕ್ಕೆ ಹೋಗಿ. ಎಚ್.ಡಿ. ಕೋಟೆಯಲ್ಲಿ, ಕೆ.ಆರ್. ನಗರದಲ್ಲಿ ನನ್ನಂಥವರು ಇನ್ನೂ ಇದ್ದೇವೆ. 'ಅಣ್ಣಾ, ಹಳೇ ಪೆಟ್ಟಿಗೆ ಎಲ್ಲಿದೆ?' ಅಂತ ಕೇಳಿ. ಡಿಸ್ಕ್ ಬಿಚ್ಚಿ, ನಕಲು ಮಾಡಿ, ಹಳೇ ವಿಂಡೋಸ್ ಹಾಕಿ, ತೆರೆದು, ಯೂನಿಕೋಡಿಗೆ ತನ್ನಿ.

ಸರ್ಕಾರವನ್ನೂ ಬಿಡಬೇಡಿ. ಪ್ರತಿ ತಾಲ್ಲೂಕಿನ ಗ್ರಂಥಾಲಯದಲ್ಲಿ ಪ್ಯಾರಲಲ್ ಪೋರ್ಟ್ ಇರುವ ಒಂದು ಹಳೇ ಕಂಪ್ಯೂಟರ್, ಅದರಲ್ಲಿ ಹಳೇ ವಿಂಡೋಸ್, ಹಳೇ ಅಕ್ಷರಗಳು, ಪರಿವರ್ತಕ ಇರಬೇಕು. ಅಂಗಡಿ ಮುಚ್ಚಿದ ಅಕ್ಷರ ಕಂಪನಿಗಳು ಗುಟ್ಟಿನ ಪಟ್ಟಿಗಳನ್ನು ನಾಡಿಗೆ ಒಪ್ಪಿಸಬೇಕು. ಇದಕ್ಕೆ ಕೋಟಿ ಬೇಡ. ಒಂದು ದಿನದ ಸಮ್ಮೇಳನದ ಊಟದ ಖರ್ಚು ಸಾಕು!

ಗುಜರಿಯವನು ಈ ವಾರವೂ ನಿಮ್ಮ ಬೀದಿಗೆ ಬರುತ್ತಾನೆ. ಅವನಿಗಿಂತ ಮೊದಲು ನೀವು ಅಟ್ಟ ಹತ್ತಿ.