ತಾಲ್ಲೂಕು ಕೇಂದ್ರದ ಯುವ ವರದಿಗಾರ

ಕನ್ನಡ ದಿನಪತ್ರಿಕೆಗಳ ಜಿಲ್ಲಾ ಪುಟಗಳಲ್ಲಿ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಎಂಬ ಊರ ಹೆಸರು ಹೊತ್ತು ಬರುವ ಸುದ್ದಿಗಳಲ್ಲಿ ಬಹುಪಾಲನ್ನು ಬರೆಯುವವರು ಅರೆಕಾಲಿಕ ವರದಿಗಾರರು, ಅಂದರೆ ಸಿಬ್ಬಂದಿಯ ಪಟ್ಟಿಗೆ ಸೇರದೆ, ಅಲ್ಪ ಗೌರವಧನಕ್ಕೋ ಪ್ರಕಟವಾದ ಸುದ್ದಿಯ ಲೆಕ್ಕಕ್ಕೋ ದುಡಿಯುವ ಸ್ಥಳೀಯರು. ಇವರಲ್ಲಿ ಹಲವರಿಗೆ ಜಾಹೀರಾತು ತರುವ ಹೊಣೆಯೂ ಇದ್ದು, ಅದರ ಕಮಿಷನ್ನೇ ಸುದ್ದಿಗಿಂತ ಹೆಚ್ಚಿನ ಆದಾಯವಾಗುವುದರಿಂದ, ಕಳಪೆ ರಸ್ತೆಯ ಬಗ್ಗೆ ಯಾರನ್ನು ಪ್ರಶ್ನಿಸಬೇಕೋ ಅವರಲ್ಲಿಯೇ ಹುಟ್ಟುಹಬ್ಬದ ಶುಭಾಶಯದ ಜಾಹೀರಾತು ಕೇಳಬೇಕಾದ ಇಕ್ಕಟ್ಟು ಎದುರಾಗುತ್ತದೆ.

1955ರ ಕಾರ್ಯನಿರತ ಪತ್ರಕರ್ತರ ಕಾಯ್ದೆಯು ಅರೆಕಾಲಿಕರನ್ನೂ ಒಳಗೊಂಡಿತಾದರೂ, ಪತ್ರಿಕಾವೃತ್ತಿಯೇ ವ್ಯಕ್ತಿಯ ಪ್ರಧಾನ ಕಸುಬಾಗಿರಬೇಕೆಂಬ ಷರತ್ತನ್ನು ವಿಧಿಸಿತು. ಸಂಭಾವನೆ ಸಾಲದೆಂದು ಜೆರಾಕ್ಸ್ ಅಂಗಡಿಯನ್ನೋ ಒಕ್ಕಲುತನವನ್ನೋ ನೆಚ್ಚಿಕೊಂಡ ಯುವಕನು, ಆ ಅಂಗಡಿಯ ಕಾರಣದಿಂದಲೇ ಷರತ್ತಿನ ಹೊರಗೆ ಉಳಿಯುವ ಸಂಭವವಿರುತ್ತದೆ. ಮಜೀಠಿಯಾ ವೇತನ ಮಂಡಳಿಯ ಶಿಫಾರಸುಗಳನ್ನು 2014ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿದಾಗಲೂ ಈ ತೊಡಕು ಬಗೆಹರಿಯಲಿಲ್ಲ.

ಆದರೆ ಈ ಕೆಲಸ ಬೇಡುವ ತಿಳಿವಳಿಕೆ ಅರೆಕಾಲಿಕವಾದುದಲ್ಲ. ಇಂಡಿಯ ಮಾರುಕಟ್ಟೆಯ ಲಿಂಬೆ ಧಾರಣೆ ಬರೆಯಬೇಕಾದವನಿಗೆ ಡಾಗ, ಅಂದರೆ ಸಾವಿರ ಕಾಯಿಗಳ ಚೀಲ, ನಿನ್ನೆ ಎಷ್ಟಕ್ಕೆ ಹೋಯಿತೆಂಬುದರ ಜೊತೆಗೆ, ದರ ಕುಸಿದಾಗ ಕಾಯಿ ಕೀಳುವ ಕೂಲಿಯೂ ಗಿಟ್ಟದೆಂಬ ಲೆಕ್ಕ ತಿಳಿದಿರಬೇಕು. ಮಹಾರಾಷ್ಟ್ರದ ಉಜನಿ ಜಲಾಶಯದಿಂದ ನೀರು ಬಿಟ್ಟ ಸುದ್ದಿ ಬಂದೊಡನೆ ಭೀಮಾ ತೀರದ ಯಾವ ಹಳ್ಳಿಯ ದಾರಿ ಮೊದಲು ಮುಳುಗುವುದೆಂಬುದನ್ನು ಅವನು ಬಲ್ಲವನಾಗಿರಬೇಕೆಂಬುದನ್ನು 2020ರ ಅಕ್ಟೋಬರ್ ಪ್ರವಾಹವು ತೋರಿಸಿತು. ಮೊದಲು ಬಸವನ ಬಾಗೇವಾಡಿ ತಾಲ್ಲೂಕಿಗೆ ಸೇರಿದ್ದ ಆಲಮಟ್ಟಿಯ ಜಲಾಶಯದ ಮಟ್ಟವನ್ನು 519.60 ಮೀಟರಿನಿಂದ 524.256 ಮೀಟರಿಗೆ ಏರಿಸಲು ಕೃಷ್ಣಾ ಜಲವಿವಾದ ನ್ಯಾಯಮಂಡಳಿಯು 2010ರಲ್ಲಿ ಒಪ್ಪಿಗೆ ನೀಡಿತು. ರಾಜಧಾನಿಗೆ ಇದು ನೀರಾವರಿಯ ಅಂಕಿಯಾದರೆ, ತಾಲ್ಲೂಕು ವರದಿಗಾರನಿಗೆ ಮುಳುಗುವ ಜಮೀನು, ಪರಿಹಾರ ಮತ್ತು ಪುನರ್ವಸತಿ ಕೇಂದ್ರದ ಹಕ್ಕುಪತ್ರಗಳ ಪ್ರಶ್ನೆ.

2024ರ ಏಪ್ರಿಲ್‌ನಲ್ಲಿ ಇಂಡಿ ತಾಲ್ಲೂಕಿನ ಲಚ್ಯಾಣದಲ್ಲಿ ಕೊಳವೆಬಾವಿಗೆ ಬಿದ್ದ ಮಗುವನ್ನು ಸುಮಾರು 20 ಗಂಟೆಗಳ ಕಾರ್ಯಾಚರಣೆಯಿಂದ ಜೀವಂತ ಹೊರತೆಗೆದಾಗ ಇಡೀ ನಾಡು ಆ ಊರಿನತ್ತ ಕಣ್ಣಿಟ್ಟಿತ್ತು. ಇಂಥ ಸಂದರ್ಭಗಳಲ್ಲಿ ದೂರದಿಂದ ಬಂದ ಕ್ಯಾಮೆರಾಗಳು ಮರುದಿನ ಮರಳುತ್ತವೆ. ವಿಫಲವಾದ ಕೊಳವೆಬಾವಿಗಳನ್ನು ಮುಚ್ಚಲಾಯಿತೇ ಎಂದು ಪಂಚಾಯಿತಿಯನ್ನು ತಿಂಗಳುಗಟ್ಟಲೆ ಕೇಳುತ್ತಿರಬೇಕಾದವನು, ಮಾಹಿತಿ ಹಕ್ಕು ಕಾಯ್ದೆಯಡಿ ಅರ್ಜಿ ಹಾಕಿ 30 ದಿನ ಕಾಯಬೇಕಾದವನು ಊರಲ್ಲೇ ಉಳಿಯುವ ವರದಿಗಾರ. ಅವನ ಪ್ರತಿಫಲವೂ ಇಲ್ಲಿಯೇ ಇದೆ: ನಿಂತುಹೋಗಿದ್ದ ಪಿಂಚಣಿ ನಾಲ್ಕು ಸಾಲಿನ ವರದಿಯಿಂದ ಮತ್ತೆ ಬಂದರೆ, ಪಡೆದವರು ಸಂತೆಯಲ್ಲಿ ಎದುರಾಗಿಯೇ ಹೇಳುತ್ತಾರೆ, ತಪ್ಪು ಬರೆದರೆ ಅದೇ ಸಂತೆಯಲ್ಲಿ ನಿಲ್ಲಿಸಿ ಕೇಳುತ್ತಾರೆ.

ಈ ತೃಪ್ತಿಯನ್ನು ಸಂಬಳದ ಬಾಬಿಗೆ ಜಮೆ ಹಿಡಿಯುವ ಪತ್ರಿಕಾಸಂಸ್ಥೆ ಮಾತ್ರ ತನ್ನ ನಷ್ಟವನ್ನು ಅರಿಯದು. ಮದುವೆ, ಮನೆ, ಮಕ್ಕಳ ಖರ್ಚು ಎದುರಾದೊಡನೆ ಯುವಕ ಬೇರೆ ಉದ್ಯೋಗ ಹಿಡಿಯುತ್ತಾನೆ. ಅವನು ಕೂಡಿಹಾಕಿದ ಊರಿನ ತಿಳಿವಳಿಕೆಯೂ ಅವನೊಡನೆ ಹೋಗುತ್ತದೆ, ಮುಂದಿನ ಹೊಸಬ ಮತ್ತೆ ಮೊದಲಿನಿಂದ ಕಲಿಯುತ್ತಾನೆ, ಅಲ್ಲಿಯವರೆಗೆ ಅಧಿಕಾರಿಗಳ ಪ್ರಕಟಣೆಯೇ ಸುದ್ದಿಯಾಗಿ ಅಚ್ಚಾಗುತ್ತದೆ.